ಲೂಸಿ ಬಾಯಿಯ ಬಾಗಿದ ತೆಂಗಿನಮರ

ಮಂಗಳೂರಿನ ಉರ್ವದಲ್ಲಿರುವ ನಮ್ಮ ಮನೆಯ ಹಿಂಬಾಗಿಲಿನ ಪಕ್ಕದ ಮೊಳೆಯಲ್ಲಿ ಒಂದು ಹೆಲ್ಮೆಟ್ ನೇತಾಡುತ್ತದೆ. ಬಂದವರು ಅದನ್ನು ನೋಡಿ, "ಸ್ಕೂಟರ್ ತಗೊಂಡ್ರಾ?" ಎಂದು ಕೇಳುವುದುಂಟು. ಇಲ್ಲ, ನಮ್ಮಲ್ಲಿ ಸ್ಕೂಟರ್ ಇಲ್ಲ, ತೆಗೆದುಕೊಳ್ಳುವ ಅಂದಾಜೂ ಇಲ್ಲ. ನಾನು ಬಲ್ಮಠದ ಶಾಲೆಗೆ ಪಾಠ ಮಾಡಲು ಹೋಗುವುದು ಸಿಟಿ ಬಸ್ಸಿನಲ್ಲಿ. ನಮ್ಮವರು ಉರ್ವ ಮಾರ್ಕೆಟ್ಟಿಗೆ ಹೋಗುವುದು ನಡೆದುಕೊಂಡು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು, ತರಬೇಕಾದದ್ದನ್ನು ಮರೆತುಕೊಂಡು. ಇನ್ನು ಅತ್ತೆಗೆ ಎಂಬತ್ತು ದಾಟಿದೆ, ಅವರು ಗೇಟು ದಾಟುವುದೇ ಅಪರೂಪ. ಆದರೂ ಆ ಹೆಲ್ಮೆಟ್ ಅತ್ತೆಯದ್ದು. ಈಗ ಅದರೊಳಗೆ ಬಟ್ಟೆಯ ಕ್ಲಿಪ್ಪುಗಳಿವೆ. ಮೊನ್ನೆ ಕ್ಲಿಪ್ ತೆಗೆಯಲು ಕೈ ಹಾಕಿದವಳಿಗೆ ನಗು ತಡೆಯಲಾಗಲಿಲ್ಲ. ಒಬ್ಬಳೇ ನಗುತ್ತಾ ನಿಂತರೆ ಮನೆಯವರು ಬೇರೆಯೇ ಅರ್ಥ ಮಾಡಿಕೊಂಡಾರು, ಆದ್ದರಿಂದ ನಿಮಗೂ ಹೇಳಿಬಿಡುತ್ತೇನೆ.

ನಮ್ಮ ಹಿತ್ತಿಲಿಗೂ ಲೂಸಿ ಬಾಯಿಯ ಹಿತ್ತಿಲಿಗೂ ನಡುವೆ ಎದೆಮಟ್ಟದ ಒಂದು ಕೆಂಪುಕಲ್ಲಿನ ಗೋಡೆ. ಲೂಸಿ ಬಾಯಿ ಗಲ್ಫಿನಲ್ಲಿ ನರ್ಸ್ ಆಗಿದ್ದು, ನಿವೃತ್ತರಾಗಿ ಗಂಡನೊಟ್ಟಿಗೆ ಊರಿಗೆ ಬಂದು, ನಾವು ಇಲ್ಲಿಗೆ ಬರುವ ಮೊದಲೇ ಪಕ್ಕದ ಮನೆ ಕೊಂಡವರು, ಈಗ ಒಬ್ಬರೇ. ಅವರ ಮನೆಮಾತು ಕೊಂಕಣಿ, ಅದರಲ್ಲಿ 'ಬಾಯಿ' ಎಂದರೆ ಅಮ್ಮ, ಅಕ್ಕ ಎನ್ನುವ ಹಾಗೆ ಹೆಂಗಸರನ್ನು ಗೌರವದಿಂದ ಕರೆಯುವುದು. ನಮ್ಮದು ತುಳು. ಅತ್ತೆಯ ಹತ್ತಿರ ಅವರು ತುಳುವಿನಲ್ಲಿ ಮಾತಾಡುತ್ತಾರೆ, ನನ್ನ ಹತ್ತಿರ ಕನ್ನಡದಲ್ಲಿ, ನಾನು ಟೀಚರ್ ಅಲ್ಲವೇ. ನಿಮಗೆ ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತೇನೆ, ತುಳುವಿನ ರುಚಿಯನ್ನು ನೀವೇ ಸೇರಿಸಿಕೊಳ್ಳಬೇಕು.

ಆ ಗೋಡೆಯ ಆಚೆ ಒಂದು ತೆಂಗಿನಮರವಿತ್ತು. ಬುಡ ಲೂಸಿ ಬಾಯಿಯ ಜಾಗದಲ್ಲಿ. ಅಲ್ಲಿಂದ ಸ್ವಲ್ಪ ಎತ್ತರದವರೆಗೆ ಮರ್ಯಾದೆಯಾಗಿ ನೆಟ್ಟಗೆ ಬೆಳೆದು, ಆಮೇಲೆ ನಮ್ಮಲ್ಲಿ ಇವತ್ತು ಎಂತ ಸಾರು ಎಂದು ನೋಡುವವರ ಹಾಗೆ ಗೋಡೆಯ ಮೇಲಿಂದ ಬಗ್ಗಿತ್ತು. ಗರಿ ತುಂಬಿದ ಮಡಲು, ಗೊನೆ, ಕಾಯಿ ಎಲ್ಲ ನಮ್ಮ ಬಟ್ಟೆ ಒಗೆಯುವ ಕಲ್ಲಿನ ನೇರ ಮೇಲೆ. ಕಾಯಿ ಕೀಳುವ ಸಂಜೀವಣ್ಣನನ್ನು ಒಮ್ಮೆ ಕರೆದು ತೋರಿಸಿದರೆ, ಅವನು ಸೊಂಟಕ್ಕೆ ಕೈಯಿಟ್ಟು ಮೇಲೆ ಕೆಳಗೆ ನೋಡಿ, "ಅಕ್ಕ, ಈ ಮರ ಹತ್ತಿದ್ರೆ ನಾನು ಕಾಯಿಯ ಒಟ್ಟಿಗೇ ಇಳಿಯುವುದು" ಎಂದು ಹೇಳಿ ಚಹಾ ಕುಡಿದು ಹೋದ. ಅಲ್ಲಿಂದ ಮುಂದೆ ಆ ಮರದ ಕಾಯಿಗಳು ತಮಗೆ ಮನಸ್ಸಾದಾಗ ತಾವೇ ಇಳಿಯತೊಡಗಿದವು.

ತೆಂಗಿನಕಾಯಿ ಬೀಳುವುದು ನನಗೆ ಹೊಸದೇನಲ್ಲ. ನನ್ನ ತವರು ವಾಮಂಜೂರು. ಗದ್ದೆಯ ಬದುವಿನಲ್ಲೆಲ್ಲ ತೆಂಗು. ಎಲ್ಲಾದರೂ 'ಧೊಪ್' ಎಂದರೆ ಸಾಕು, ಮಕ್ಕಳೆಲ್ಲ ಬರೆಯುತ್ತಿದ್ದ ಮಗ್ಗಿಯನ್ನು ಅರ್ಧಕ್ಕೆ ಬಿಟ್ಟು ಕೆಸರಿನಲ್ಲಿ ಓಡುವುದು. ಮೊದಲು ಮುಟ್ಟಿದವರಿಗೆ ಆ ಕಾಯಿ ಒಡೆಯುವಾಗ ನೀರು ಕುಡಿಯುವ ಹಕ್ಕು. ನಾನು ಓಟದಲ್ಲಿ ಹಿಂದೆ, ಅಳುವುದರಲ್ಲಿ ಮುಂದೆ, ಹಾಗಾಗಿ ನೀರು ಹೆಚ್ಚಾಗಿ ನನಗೇ ಸಿಗುತ್ತಿತ್ತು. ತೆಂಗಿನಕಾಯಿಗೆ ಕಣ್ಣಿದೆ, ಅದು ಮನುಷ್ಯರ ತಲೆ ನೋಡಿ ಪಕ್ಕಕ್ಕೆ ಬೀಳುತ್ತದೆ ಎಂದು ಅಜ್ಜಿ ಬಲವಾಗಿ ನಂಬಿದ್ದರು. ಸೋದರಮಾವನ ಹೊಸ ಟ್ರಾನ್ಸಿಸ್ಟರ್ ಮೇಲೆ ಒಂದು ಕಾಯಿ ಬಿದ್ದು ಅದು ವಾರ್ತೆಯ ನಡುವೆಯೇ ಬಾಯಿ ಮುಚ್ಚಿದಾಗಲೂ ಅಜ್ಜಿ, "ನೋಡಿದೆಯಾ, ತಲೆಗೆ ಬೀಳಲಿಲ್ಲ" ಎಂದೇ ಹೇಳಿದರು. ಮಾವ ಮಾತ್ರ ಆ ದಿನ ಊಟ ಮಾಡಲಿಲ್ಲ.

ಉರ್ವದ ಮರದ ಕೆಳಗೆ ಇದ್ದದ್ದು ಟ್ರಾನ್ಸಿಸ್ಟರ್ ಅಲ್ಲ, ಅತ್ತೆ. ಬೆಳಿಗ್ಗೆ ಮೀನಿನವಳು ಬಂದು ಹೋದ ಕೂಡಲೇ ಅವರು ಒಗೆಯುವ ಕಲ್ಲಿನ ಹತ್ತಿರ ಕೆಂಪು ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಬಂಗುಡೆಯೋ ಬೂತಾಯಿಯೋ ಶುಚಿ ಮಾಡಲು ಕೂತುಬಿಡುವರು. ಅದೇ ಹೊತ್ತಿಗೆ ಆಚೆ ಲೂಸಿ ಬಾಯಿ ಗೋಡೆಗೆ ಮೊಣಕೈ ಊರಿ ನಿಲ್ಲುವರು. ಮೀನು ಮುಗಿದರೂ ಮಾತು ಮುಗಿಯುವುದಿಲ್ಲ. ಯಾರ ಮನೆಯಲ್ಲಿ ಮದುವೆಯ ಹಿಂದಿನ ದಿನದ ರೋಸ್‌ಗೆ ಎಂತ ಅಡುಗೆ, ಯಾರ ಮೊಣಕಾಲಿಗೆ ಎಂತ ಎಣ್ಣೆ, ಮೀನಿನವಳು ಇವತ್ತು ಹೇಳಿದ್ದರಲ್ಲಿ ಸುಳ್ಳೆಷ್ಟು. ಮಾವನವರು ತೀರಿಕೊಂಡ ಮೇಲೆ ಅತ್ತೆ ನಗುತ್ತಿದ್ದದ್ದು ದಿನದಲ್ಲಿ ಆ ಹೊತ್ತು ಮಾತ್ರ. ಅದು ಗೊತ್ತಿದ್ದದ್ದರಿಂದಲೇ ನಾನು ಮರವನ್ನು ನೋಡಿಯೂ ನೋಡದ ಹಾಗಿದ್ದೆ.

ಬಿದ್ದ ಕಾಯಿಯನ್ನು ಅತ್ತೆ ಎತ್ತಿ ಗೋಡೆಯ ಮೇಲೆ ಇಡುವುದು ಕ್ರಮ. "ನಿಮ್ಮ ಕಾಯಿ, ಬಾಯಿ." ಲೂಸಿ ಬಾಯಿ ಅದನ್ನು ಮುಟ್ಟದೆ ಇರುವುದೂ ಕ್ರಮ. "ನಿಮ್ಮಲ್ಲಿ ಬಿದ್ದದ್ದು ನಿಮ್ಮದೇ, ಗಿರಿಜಕ್ಕ." ಹೀಗೆ ಆ ಕಾಯಿ ಎರಡು ಮನೆಗಳ ಮರ್ಯಾದೆಯ ನಡುವೆ ಗೋಡೆಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿರುವುದು. ಕೊನೆಗೆ ಲೂಸಿ ಬಾಯಿಯೇ ಸೋತು ಒಳಗೆ ಒಯ್ದು, ಅದರ ತುರಿಗೆ ಬೆಲ್ಲ ಬೆರೆಸಿ ತುಂಬಿಸಿ, ಅರಶಿನ ಎಲೆಯಲ್ಲಿ ಪತೋಳಿ ಕಡುಬು ಬೇಯಿಸಿ, ಬಿಸಿಬಿಸಿ ಪಾತ್ರೆಯಲ್ಲಿ ಗೋಡೆಯ ಮೇಲಿಂದ ದಾಟಿಸುವರು. ಅಂಥ ಮರದ ಮೇಲೆ ದೂರು ಹೇಳುವುದು ಹೇಗೆ, ನೀವೇ ಹೇಳಿ.

ಒಂದು ಬೆಳಿಗ್ಗೆ ಅತ್ತೆ ಬಂಗುಡೆ ಶುಚಿ ಮಾಡುತ್ತಿದ್ದಾಗ ಬೆಕ್ಕೊಂದು ಬಂದು ಚೆನ್ನಾಗಿದ್ದ ಒಂದು ಮೀನನ್ನು ಕಚ್ಚಿಕೊಂಡು ಓಡಿತು. ಅತ್ತೆ ಸ್ಟೂಲ್ ಬಿಟ್ಟು ಎದ್ದು ಅದನ್ನು ಬೈಯುತ್ತಾ ನಾಲ್ಕು ಹೆಜ್ಜೆ ಹೋಗಿದ್ದರಷ್ಟೆ, ಹಿಂದೆ 'ಧಡ್' ಎಂದಿತು. ಅಡುಗೆಮನೆಯಿಂದ ಓಡಿ ಬಂದು ನೋಡಿದರೆ ಸ್ಟೂಲ್ ಎರಡು ಹೋಳು. ಕಾಯಿ ಏನೂ ಆಗದವರ ಹಾಗೆ ಪಕ್ಕದಲ್ಲಿ ಉರುಳಿಕೊಂಡಿತ್ತು. ನಾನು ಮೆಟ್ಟಿಲಿನಲ್ಲೇ ಕೂತುಬಿಟ್ಟೆ. ಅತ್ತೆ ಸ್ಟೂಲ್ ನೋಡಿದರು, ಮರ ನೋಡಿದರು, ಕೊನೆಗೆ ಬೆಕ್ಕನ್ನು ನೋಡಿದರು.

"ತಿನ್ನಲಿ ಬಿಡು, ಅದು ಅದರ ಸಂಬಳ."

ನನಗೆ ನಗು ಬರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಉಪ್ಪು ಹೆಚ್ಚು ಹಾಕಿದ ಸಾರನ್ನು, ಮನೆಯವರು ಬರುವ ಮೊದಲು ನೀರು ಹಾಕಿ ಕುದಿಸಿ, "ಇವತ್ತಿನದ್ದು ನಾನು ಮಾಡಿದ್ದು" ಎಂದು ಹೇಳಿ ನನ್ನನ್ನು ಕಾಪಾಡಿದ ಅತ್ತೆ ಇವರು. ಆ ತಲೆಯನ್ನು ತೆಂಗಿನಕಾಯಿಯ ದಯೆಗೆ ಬಿಡಲು ನನಗೆ ಸಾಧ್ಯವಿರಲಿಲ್ಲ. "ನಾಳೆಯಿಂದ ಎದುರಿನ ಸಿಟೌಟ್‌ನಲ್ಲಿ ಕೂತ್ಕೊಳ್ಳಿ ಅತ್ತೆ" ಎಂದೆ.

"ಎದುರು ಕೂತ್ರೆ ಬಸ್ಸು ಕಾಣ್ತದೆ. ಬಾಯಿ ಕಾಣ್ತಾರಾ?" ಎಂದರು ಅತ್ತೆ.

ನಮ್ಮವರು ನಗರಪಾಲಿಕೆಗೆ ಒಂದು ಅರ್ಜಿ ಕೊಟ್ಟರೆ ಆಯಿತು ಎಂದರು. ಅತ್ತೆ ಮಗನನ್ನು ಅಪರಾಧಿಯ ಹಾಗೆ ನೋಡಿದರು. "ನೆರೆಕರೆಯವರ ಮೇಲೆ ದೂರು ಕೊಟ್ಟು ಕ್ರಿಸ್‌ಮಸ್‌ಗೆ ಅವರ ಕುಸ್ವಾರ್ ಯಾವ ಮುಖದಲ್ಲಿ ತಿನ್ನುವುದು?" ಕುಸ್ವಾರ್ ಎಂದರೆ ಹಬ್ಬಕ್ಕೆ ಅವರು ತಟ್ಟೆ ತುಂಬ ಕಳಿಸುವ ತಿಂಡಿಗಳು. ಆ ತಟ್ಟೆಯಲ್ಲಿನ ನೆವ್ರಿಗಳ ಮೇಲೆ ನಮ್ಮವರಿಗೂ ಪ್ರೀತಿಯಿತ್ತು, ಹಾಗಾಗಿ ಅರ್ಜಿ ಅಲ್ಲಿಗೇ ನಿಂತಿತು.

ಹಾಗಾದರೆ ಬಾಯಿಮಾತಿನಲ್ಲಿ ಹೇಳುವುದೇ ಸರಿ ಎಂದುಕೊಂಡು ನಾನೇ ಹೊರಟೆ. ಒಂದು ಹಿಂಡು ಮಕ್ಕಳ ಮುಂದೆ ದಿನವಿಡೀ ಮಾತಾಡುವವಳು ನಾನು, ಒಬ್ಬ ಲೂಸಿ ಬಾಯಿ ಎಷ್ಟರವರು? ಬಾಗಿಲು ತೆರೆದ ಅವರು, "ಬನ್ನಿ ಟೀಚರ್, ಸರಿಯಾದ ಹೊತ್ತಿಗೆ ಬಂದ್ರಿ" ಎಂದು ನನ್ನ ಕೈಗೆ ಸಾನ್ನ ತುಂಬಿದ ಪಾತ್ರೆ ಕೊಟ್ಟರು. ಸೇಂದಿ ಹಾಕಿ ಉಬ್ಬಿಸಿದ, ಹತ್ತಿಯಂಥ ಇಡ್ಲಿ. ಅದನ್ನು ಹಿಡಿದುಕೊಂಡು ಮರದ ಮಾತು ಎತ್ತುವುದು ಹೇಗೆ? ಬಿಸಿಯಿರುವಾಗಲೇ ತಿನ್ನಬೇಕಂತೆ, ಮನೆಗೆ ಬಂದೆ. ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ, ಅತ್ತೆ ಅದರಲ್ಲಿ ಪತ್ರೊಡೆ ಹಾಕಿ ಕೊಟ್ಟರು. ಪಾತ್ರೆ ಕೊಡುವಾಗ ಹೇಳಿಬಿಡುವ ಎಂದು ಹೋದರೆ, ಖಾಲಿ ಕೈಯಲ್ಲಿ ಕಳಿಸುವ ಪದ್ಧತಿ ಅವರಲ್ಲೂ ಇಲ್ಲ. ಹೀಗೆ ದೂರು ಹೇಳಲು ಹೋಗಿ ಹೋಗಿ ನಾನು ಸ್ವಲ್ಪ ದಪ್ಪಗಾದೆ. ಮರ ಹಾಗೆಯೇ ಇತ್ತು.

ಆಗ ಬಂದದ್ದು ಹೆಲ್ಮೆಟ್. ನಮ್ಮವರು ತಂಗಿಯ ಮನೆಯಿಂದ ಹಳೆಯದೊಂದನ್ನು ತಂದರು. "ಅಮ್ಮ, ಇದನ್ನು ಹಾಕಿದ್ರೆ ಮಾತ್ರ ಹಿತ್ತಿಲಲ್ಲಿ ಕೂತ್ಕೊಳ್ಳುವುದು" ಎಂದು ಮಗ ಗಟ್ಟಿಯಾಗಿ ಹೇಳಿದ್ದಕ್ಕೋ, ಕನ್ನಡಿಯಲ್ಲಿ ನೋಡಿಕೊಂಡು ಅವರಿಗೇ ಮೋಜೆನಿಸಿದ್ದಕ್ಕೋ, ಅತ್ತೆ ಒಪ್ಪಿದರು. ಸೀರೆ, ಕನ್ನಡಕ, ಕೈಯಲ್ಲಿ ಬಂಗುಡೆ, ತಲೆಯಲ್ಲಿ ಹೆಲ್ಮೆಟ್. ಲೂಸಿ ಬಾಯಿ ಗೋಡೆಯ ಆಚೆಯಿಂದ ಬೆರಗಾಗಿ, "ಎಂತ ಗಿರಿಜಕ್ಕ, ಸ್ಕೂಟರ್ ಕಲಿಯುವುದಾ?" ಎಂದರು.

ನಾನು ಅಡುಗೆಮನೆಯ ಕಿಟಕಿಯಲ್ಲಿ ಕಿವಿಗೊಟ್ಟು ನಿಂತೆ. ಈಗಲಾದರೂ ಸತ್ಯ ಹೊರಬೀಳಬೇಕು. ಅತ್ತೆ ತಡಮಾಡದೆ ಹೇಳಿದರು: "ತಲೆಗೆ ಚಳಿ, ಬಾಯಿ."

ಮಂಗಳೂರು, ಅದೂ ಮಾರ್ಚ್ ತಿಂಗಳು. ನಿಂತಲ್ಲೇ ಬೆವರು ಇಳಿಯುವ ಹೊತ್ತು. ಲೂಸಿ ಬಾಯಿ ಒಂದು ಕ್ಷಣ ಅತ್ತೆಯನ್ನೇ ನೋಡಿದರು. ನರ್ಸ್ ಆಗಿದ್ದವರು ಹಾಗೆ ಬಿಡುತ್ತಾರೆಯೇ? ಸಂಜೆಗೆ ಗಲ್ಫಿನ ಮುಲಾಮು, ಉಣ್ಣೆಯ ಟೋಪಿ ಮತ್ತು ಥರ್ಮಾಮೀಟರ್ ಗೋಡೆ ದಾಟಿ ಬಂದವು. ಅತ್ತೆ ಮರುದಿನ ಸೌಜನ್ಯಕ್ಕೆ ಹೆಲ್ಮೆಟ್ಟಿನ ಒಳಗೆ ಆ ಟೋಪಿಯನ್ನೂ ಹಾಕಿಕೊಂಡರು. ಬೆವರಿನಲ್ಲಿ ಮುಖವೆಲ್ಲ ಕೆಂಪಾದದ್ದನ್ನು ಕಂಡು ಲೂಸಿ ಬಾಯಿ, ಜ್ವರ ಏರಿದೆ ಎಂದು ಗಂಜಿ ಕಳಿಸಿದರು. ಹೆಲ್ಮೆಟ್ ಮೊಳೆಗೆ ಹೋಯಿತು.

ನಮ್ಮವರ ತಲೆ ಸುಮ್ಮನಿರುವ ಜಾತಿಯದ್ದಲ್ಲ. ಮುಂದಿನ ವಾರ ಮೀನುಗಾರಿಕೆಯ ದಕ್ಕೆಯಿಂದ ಹಳೆಯ ಬಲೆ ತಂದು ಒಗೆಯುವ ಕಲ್ಲಿನ ಮೇಲೆ ಚಪ್ಪರದ ಹಾಗೆ ಕಟ್ಟಿದರು. ಸಮುದ್ರದ ವಾಸನೆಗೆ ಉರ್ವದ ಬೆಕ್ಕುಗಳೆಲ್ಲ ಯಾರದೋ ಮದುವೆ ಎಂಬಂತೆ ಬಂದು ಸೇರಿದವು. ಮೊದಲ ಕಾಯಿ ಬಲೆಗೇನೋ ಬಿತ್ತು. ಆದರೆ ಬಲೆ ಸೀದಾ ಕೆಳಗೆ ಜೋತುಬಿದ್ದು ಬಕೆಟ್ಟನ್ನು ಉರುಳಿಸಿತು, ಒಂದು ಬೆಕ್ಕು ಕಣ್ಣಿಗಳಲ್ಲಿ ಸಿಕ್ಕಿಕೊಂಡಿತು. ಅದನ್ನು ಬಿಡಿಸುವಾಗ ನಮ್ಮವರ ಕೈಯೆಲ್ಲ ಗೀರಿಹೋಗಿ, ಅದಕ್ಕೆ ಔಷಧ ಹಚ್ಚಿದ್ದೂ ಲೂಸಿ ಬಾಯಿಯೇ. ಹಚ್ಚುತ್ತಾ ಕೇಳಿದರು, "ಆ ಬಲೆ ಎಂತಕ್ಕೆ ಕಟ್ಟಿದ್ದು?"

ಅತ್ತೆ ಒಳಗಿಂದಲೇ, "ಬಸಳೆ ಹಬ್ಬಿಸ್ಲಿಕ್ಕೆ!" ಎಂದರು.

ನಾನು ತಲೆಗೆ ಕೈಯಿಟ್ಟುಕೊಂಡೆ. ಈ ಅತ್ತೆ ಎಂಬವರು ಜೀವಮಾನದಲ್ಲಿ ತಮಗೋಸ್ಕರ ಸುಳ್ಳು ಹೇಳಿದವರಲ್ಲ, ಇನ್ನೊಬ್ಬರ ಮನಸ್ಸು ನೋಯಬಾರದು ಎಂದಾದರೆ ಮಾತ್ರ ಅವರ ನಾಲಿಗೆ ಇಷ್ಟು ಚುರುಕು.

ಮರುದಿನ ರಜೆ. ಲೂಸಿ ಬಾಯಿ ಬಸಳೆಯ ಬಳ್ಳಿಗಳ ಒಂದು ಕಟ್ಟು ಹಿಡಿದುಕೊಂಡು ನಮ್ಮ ಎದುರಿನ ಗೇಟಿನಿಂದ ಬಂದು, ಮನೆ ಸುತ್ತಿ ನೇರ ಹಿತ್ತಿಲಿಗೆ ನಡೆದರು. "ನಾನೇ ನೆಟ್ಟು ಕೊಡ್ತೇನೆ ಗಿರಿಜಕ್ಕ, ನನ್ನ ಕೈಗುಣ ಒಳ್ಳೇದುಂಟು" ಎನ್ನುತ್ತಾ ಬೆಕ್ಕನ್ನು ಬಿಡಿಸುವಾಗ ಬಲೆ ಹರಿದು ತೂತಾಗಿದ್ದ ಜಾಗದ ಕೆಳಗೇ ಬಗ್ಗಿದರು. ನಾನು ಬಟ್ಟೆ ಹಿಂಡುತ್ತಿದ್ದವಳು ಹಾಗೇ ಮೇಲೆ ನೋಡಿದೆ. ಒಂದು ಒಣಗಿದ ಮಡಲು ಬುಡ ಬಿಟ್ಟುಕೊಂಡು, ಬರಲೋ ಬೇಡವೋ ಎಂದು ತೂಗುತ್ತಿತ್ತು. ಗಾಳಿ ಬೀಸಿ 'ಚರ್' ಎಂದಿತು. ನಾನು ಯಾವ ಭಾಷೆಯಲ್ಲಿ ಕಿರುಚಿದೆನೋ ನನಗೇ ನೆನಪಿಲ್ಲ. ಲೂಸಿ ಬಾಯಿಯ ತೋಳು ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಅಡುಗೆಮನೆಯ ಮೆಟ್ಟಿಲಿನ ಮೇಲೆ ಬಿದ್ದೆವು. ಮಡಲು ಬಲೆಯನ್ನೂ ಎಳೆದುಕೊಂಡು ಬಸಳೆಯ ಮೇಲೆ ಬಿತ್ತು. ಅದರ ಹಿಂದೆಯೇ ಎರಡು ಕಾಯಿ.

ಲೂಸಿ ಬಾಯಿ ಮೊದಲು ತಮ್ಮ ನಾಡಿ ತಾವೇ ಹಿಡಿದು ನೋಡಿಕೊಂಡರು, ಆಮೇಲೆ ನನ್ನದು. ಮತ್ತೆ ಶಿಲುಬೆಯ ಗುರುತು ಮಾಡಿ, ನನ್ನ ಮುಖ ನೋಡಿ ಗದರಿಸಿದರು.

"ಎಂತ ಟೀಚರ್ ನೀವು? ಇಷ್ಟು ಕಲಿತವರು, ಈ ಮರವನ್ನು ಇನ್ನೂ ಯಾಕೆ ಇಟ್ಕೊಂಡಿದ್ದೀರಿ?"

"ನಾವಾ?" ಎಂದೆ.

"ಮತ್ತೆ ಯಾರು ಮಾರಾಯ್ತಿ? ನೀವು ಇಲ್ಲಿಗೆ ಬಂದ ವರ್ಷವೇ ಇದನ್ನು ಕಡಿಸುವ ಅಂತ ಹೊರಟಿದ್ದೆ. ನಿಮಗೆ ಕಷ್ಟ ಆಗ್ತದಾ ಅಂತ ಗಿರಿಜಕ್ಕನ ಹತ್ತಿರ ಕೇಳಿದೆ. ಎಂತ ಕಷ್ಟ ಬಾಯಿ, ಒಳ್ಳೆ ನೆರಳುಂಟು, ಇರ್ಲಿ ಅಂದ್ರು. ಅವರಿಗೆ ಮರ ಅಂದ್ರೆ ಅಷ್ಟು ಪ್ರೀತಿ ಅಂತ ನಾನು ಕಣ್ಣುಮುಚ್ಚಿ ಬಿಟ್ಟದ್ದು. ದಿನಾ ಬೆಳಿಗ್ಗೆ ಜಪಸರ ಹಿಡಿದು, ಗಿರಿಜಕ್ಕನ ತಲೆ ಕಾಪಾಡು ದೇವರೇ ಅಂತ ಬೇಡಿಕೊಳ್ತೇನೆ, ಗೊತ್ತುಂಟಾ? ಅವರು ಸ್ವಲ್ಪ ಆಚೆ ಬರ್ಲಿ ಅಂತ ಬೇಕಂತ್ಲೇ ಗೋಡೆಯ ಆ ಮೂಲೆಗೆ ನಿಂತು ಮಾತಾಡುವುದು. ಇವರು ಕೂತಲ್ಲಿಂದಲೇ ಬೊಬ್ಬೆ ಹಾಕ್ತಾರೆ!"

ನಾನು ಅತ್ತೆಯ ಕಡೆ ತಿರುಗಿದೆ. ಅತ್ತೆ ಬಾಗಿಲಲ್ಲಿ ನಿಂತು ಸೆರಗಿನ ತುದಿಯನ್ನು ಮಡಚುತ್ತಿದ್ದರು.

"ಅವರ ಗಂಡ ನೆಟ್ಟ ಮರ, ಕಡಿಸಿ ಅಂತ ಹೇಗೆ ಹೇಳುವುದು?"

"ಯಾರು, ನಮ್ಮವರಾ?" ಲೂಸಿ ಬಾಯಿ ನಗಲಾರಂಭಿಸಿದರು. "ಅವರು ಮಲ್ಲಿಗೆ ಗಿಡ ಕೂಡ ನೆಟ್ಟವರಲ್ಲ. ಈ ಮರ ನಾವು ಬರುವಾಗಲೇ ಹೀಗೆ ಬಗ್ಗಿಕೊಂಡಿತ್ತು!"

ಒಬ್ಬರ ಮೇಲಿನ ಗೌರವಕ್ಕೆ ಒಬ್ಬರು, ಯಾರಿಗೂ ಬೇಡವಾದ ಒಂದು ಮರವನ್ನು ಇಷ್ಟು ವರ್ಷ ಸಾಕಿದ್ದರು. ಮೂವರೂ ಮೆಟ್ಟಿಲಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗುತ್ತಾ ನಗುತ್ತಾ ನನಗೆ ಅಳುವೂ ಸ್ವಲ್ಪ ಬಂತು. ಹೆದರಿಕೆ ಅಷ್ಟು ದಿನ ಎಲ್ಲಿ ಕೂತಿತ್ತೋ, ಆಗ ಇಳಿಯಿತು.

ಮರ ಕಡಿಯುವ ದಿನ ಓಣಿಗೆ ಓಣಿಯೇ ನಮ್ಮ ಹಿತ್ತಿಲಿನಲ್ಲಿತ್ತು. ಕ್ರೇನು ನಮ್ಮ ಓಣಿಗೆ ನುಗ್ಗುವುದಿಲ್ಲ, ಹಾಗಾಗಿ ಹಗ್ಗ ಕಟ್ಟಿ ತುದಿಯಿಂದ ತುಂಡುತುಂಡಾಗಿ ಇಳಿಸಬೇಕು. ಇಬ್ಬರು ಕೆಲಸ ಮಾಡುವುದು, ಉಳಿದ ಎಲ್ಲರೂ ಎಡಕ್ಕೆ ಬಲಕ್ಕೆ ಎಂದು ಕೂಗುವುದು. ನಮ್ಮವರು ಎಲ್ಲರಿಗಿಂತ ಜೋರಾಗಿ ಕೂಗಿ, ಸಂಜೆಗೆ ಸ್ವರ ಕಳೆದುಕೊಂಡರು. ಅದಕ್ಕೆ ಮೊದಲು ಒಂದು ಸಣ್ಣ ಕಾರ್ಯಕ್ರಮವೂ ನಡೆಯಿತು. ಅತ್ತೆ ಗೋಡೆಯ ಆಚೆ ಹೋಗಿ ಬುಡಕ್ಕೆ ಒಂದು ಚೆಂಬು ನೀರು ಹೊಯ್ದು ಕೈಮುಗಿದರು, ಲೂಸಿ ಬಾಯಿ ಇಗರ್ಜಿಯ ತೀರ್ಥ ಚಿಮುಕಿಸಿದರು. ಫಲ ಕೊಟ್ಟ ಮರವಲ್ಲವೇ. ಆಮೇಲೆ ತುದಿಯ ಬಿಳಿ ಎಳೆ ತಿರುಳನ್ನು ಎಲ್ಲರಿಗೂ ಹಂಚಿದರು. ಹಾಲಿನಷ್ಟು ಸಿಹಿ, ಬಾಯಿಗಿಟ್ಟರೆ ಕುರುಕುರು. ಇಷ್ಟು ಕಾಲ ಹೆದರಿಸಿದ ಮರದ ತಲೆಯೊಳಗೆ ಇಷ್ಟು ಎಳೆಯದ್ದಿತ್ತೇ ಎಂದು ನನಗೆ ಪಾಪ ಅನ್ನಿಸಿತು.

ಮರುದಿನ ಬೆಳಿಗ್ಗೆ ಹಿಂಬಾಗಿಲು ತೆರೆದವಳು ಕಣ್ಣು ಮುಚ್ಚಿಕೊಂಡೆ. ಹಿತ್ತಿಲು ಪೂರ್ತಿ ಬಿಸಿಲು. ಒಗೆಯುವ ಕಲ್ಲು ಮುಟ್ಟಿದರೆ ಸುಡುತ್ತಿತ್ತು. ಅತ್ತೆ ಮೀನಿನ ಪಾತ್ರೆ ಹಿಡಿದುಕೊಂಡು ಬಾಗಿಲವರೆಗೆ ಬಂದು, ನಿಂತು, ಹಿಂದೆ ಹೋದರು. ಅಡುಗೆಮನೆಯ ಸಿಂಕಿನಲ್ಲಿ ಮೀನು ತೊಳೆದು, ಟಿವಿಯ ಮುಂದೆ ಕೂತರು. ಮರುದಿನವೂ ಹಾಗೆ, ಅದರ ಮರುದಿನವೂ ಹಾಗೆ.

ಲೂಸಿ ಬಾಯಿ ಒಮ್ಮೆ ಇಸ್ತ್ರಿ ಮಾಡಿದ ಉಡುಪು ಹಾಕಿಕೊಂಡು, ಕೇಕ್ ಹಿಡಿದುಕೊಂಡು ಎದುರಿನ ಬಾಗಿಲಿನಿಂದ ಬಂದರು. ಸೋಫಾದಲ್ಲಿ ಕೂತರು. ಅತ್ತೆಯೂ ಒಳ್ಳೆಯ ಸೀರೆ ಉಟ್ಟು ಎದುರು ಕೂತರು. "ಹೇಗಿದ್ದೀರಿ?" "ಹೀಗಿದ್ದೇನೆ." "ಸೆಕೆ ಜೋರುಂಟಲ್ವಾ?" "ಜೋರುಂಟು." ಹೆಣ್ಣು ನೋಡಲು ಬಂದವರ ಹಾಗೆ ಇಬ್ಬರೂ ಚಹಾ ಕುಡಿದರು. ಗೋಡೆ ನಡುವೆ ಇಲ್ಲದೆ, ಕೈಯಲ್ಲಿ ಮೀನಿಲ್ಲದೆ ಆ ಇಬ್ಬರಿಗೆ ಮಾತೇ ಹೊರಡುತ್ತಿರಲಿಲ್ಲ. ಬಾಯಿ ಹೋದ ಮೇಲೆ ಅತ್ತೆ ಕೇಕಿನ ತುಂಡನ್ನು ತಟ್ಟೆಯಲ್ಲಿ ಆಚೀಚೆ ಸರಿಸುತ್ತಾ ಕೂತರು. ತಲೆ ಉಳಿಸಲು ಹೋಗಿ ಅತ್ತೆಯ ನಗುವನ್ನೇ ಕಡಿಸಿಹಾಕಿದೆನೇ ಎಂದು ಯೋಚಿಸುತ್ತಾ ಶಾಲೆಗೆ ಹೋಗಿಬಂದೆ. ಹಿತ್ತಿಲಿಗೆ ತಗಡಿನ ಮಾಡು ಹಾಕಿಸುವ ಎಂದು ನಮ್ಮವರಲ್ಲಿ ಹೇಳಿದೆ. ಅವರು ಅಳತೆ ಹಿಡಿದುಕೊಂಡು ಓಡಾಡತೊಡಗಿದ್ದನ್ನು ಕಂಡು ಇನ್ನಷ್ಟು ಹೆದರಿಕೆಯಾಯಿತು.

ಶನಿವಾರ ಅರ್ಧ ದಿನ ಶಾಲೆ. ಬಸ್ಸಿಳಿದು ಮನೆಗೆ ಬಂದರೆ ಟಿವಿಯ ಮುಂದೆ ಅತ್ತೆ ಇಲ್ಲ. ಹಿಂದಿನಿಂದ ಮಾತು ಕೇಳಿಸಿತು. ಹಿಂಬಾಗಿಲನ್ನು ಒಂದಿಷ್ಟೇ ಸರಿಸಿ ನೋಡಿದೆ. ಉರಿಬಿಸಿಲು. ಗೋಡೆಯ ಈಚೆ ಮಾವನವರ ಕಾಲದ ದೊಡ್ಡ ಕಪ್ಪು ಕೊಡೆ, ಆಚೆ ಗಲ್ಫಿನ ಹೂವಿನ ಕೊಡೆ. ಎರಡೂ ಒಂದಕ್ಕೊಂದು ತಾಗಿಕೊಂಡು ಗೋಡೆಯ ಮೇಲೆ ಒಂದೇ ನೆರಳು ಮಾಡಿದ್ದವು. ಅದರಡಿಯಲ್ಲಿ ಅತ್ತೆಯ ಬೂತಾಯಿಯ ಪಾತ್ರೆ, ಲೂಸಿ ಬಾಯಿಯ ಮೊಣಕೈ.

"ಟೀಚರಿಗೆ ಹೇಳ್ಬೇಡಿ ಆಯ್ತಾ ಗಿರಿಜಕ್ಕ" ಎನ್ನುತ್ತಿದ್ದರು ಲೂಸಿ ಬಾಯಿ. "ನಾವು ಬಿಸಿಲಲ್ಲಿ ಕೂತದ್ದು ಗೊತ್ತಾದ್ರೆ ಅವರು ಸೂರ್ಯನನ್ನೂ ಕಡಿಸಿಯಾರು!"

ಅತ್ತೆ ನಕ್ಕ ನಗುವಿಗೆ ಕಪ್ಪು ಕೊಡೆ ಅಲುಗಾಡಿತು. ನಾನು ಸದ್ದಾಗದಂತೆ ಬಾಗಿಲು ಎಳೆದು, ಇಬ್ಬರಿಗೂ ಮಜ್ಜಿಗೆ ಮಾಡಲು ಒಳಗೆ ಹೋದೆ.